ಕಟ್ಟುವ ವರ್ಷ, ಕಾಯುವ ವರ್ಷ: ಸೇನೆಯಲ್ಲಿ ಮೈ ಮತ್ತು ಓದು

(ಸೇನೆ ಸೇರಬೇಕೆಂದಿರುವ ಮತ್ತು ಈಗಾಗಲೇ ಸೇನೆಯಲ್ಲಿರುವ ಕಿರಿಯರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಕೆಲವು ಪ್ರಶ್ನೋತ್ತರಗಳಿವೆ.)

ಎಲ್ಲರಿಗೂ ನಮಸ್ಕಾರ.

ಸೇನೆಯಲ್ಲಿ ಇದ್ದುಕೊಂಡು ಮೈಯನ್ನೂ ಓದನ್ನೂ ಹೇಗೆ ನಿಭಾಯಿಸುವುದು ಅನ್ನುವುದರ ಮೇಲೆ ಮಾತಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದು ಟೈಮ್ ಟೇಬಲ್. ಎಷ್ಟು ಗಂಟೆಗೆ ಏಳಬೇಕು, ಎಷ್ಟು ಓಡಬೇಕು, ಎಷ್ಟು ಹೊತ್ತು ಓದಬೇಕು ಅಂತ. ಅಂಥದ್ದು ನನ್ನ ಹತ್ತಿರ ಇಲ್ಲ. ಇದ್ದರೂ ಕೊಡುತ್ತಿರಲಿಲ್ಲ. ಸೇನೆಯಲ್ಲಿ ನಿಮ್ಮ ದಿನ ನಿಮ್ಮ ಕೈಯಲ್ಲಿ ಇರುವುದಿಲ್ಲ. ಇವತ್ತು ರಾತ್ರಿ ಗಾರ್ಡ್ ಡ್ಯೂಟಿ, ನಾಳೆ ಫೈರಿಂಗ್, ನಾಡಿದ್ದು ಎಲ್ಲಿಗೋ ಹೊರಡಲು ಆದೇಶ. ಗೋಡೆಗೆ ಅಂಟಿಸಿದ ಪಟ್ಟಿ ಎರಡನೇ ವಾರಕ್ಕೇ ಸುಳ್ಳಾಗುತ್ತದೆ. ಪಟ್ಟಿ ತಪ್ಪಿತಲ್ಲ ಅಂತ ಬೇಜಾರಾಗಿ ಪುಸ್ತಕವನ್ನೇ ಟ್ರಂಕಿನ ತಳಕ್ಕೆ ಹಾಕಿಬಿಡುತ್ತಾರೆ. ಇದನ್ನು ತುಂಬ ಸಲ ನೋಡಿದ್ದೇನೆ.

ಹಾಗಾಗಿ ನಾನು ಹೇಳುವುದು ಬೇರೆ. ದಿನದ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಿಡಿಯಿರಿ. ದಿನಾ ಎರಡಕ್ಕೂ ಸಮಪಾಲು ಕೊಡಲು ಹೊರಟರೆ ಎರಡೂ ಅರೆಬರೆ ಆಗುತ್ತವೆ. ಒಂದಷ್ಟು ತಿಂಗಳು ಮೈಯನ್ನು ಕಟ್ಟಿ, ಓದನ್ನು ಕಾದುಕೊಳ್ಳಿ. ಇನ್ನೊಂದಷ್ಟು ತಿಂಗಳು ಓದನ್ನು ಕಟ್ಟಿ, ಮೈಯನ್ನು ಕಾದುಕೊಳ್ಳಿ. ಬಾವಿ ತೋಡುವ ಶ್ರಮ ಬೇರೆ, ತೋಡಿದ ಬಾವಿಯ ಹೂಳೆತ್ತುವ ಶ್ರಮ ಬೇರೆ. ಎರಡನೆಯದಕ್ಕೆ ಬೇಕಾದ ಶ್ರಮ ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಇದನ್ನು ಅಳೆದು ನೋಡಿದವರಿದ್ದಾರೆ. ಅವರ ಅಂಕಿಗಳಿಗೆ ಆಮೇಲೆ ಬರುತ್ತೇನೆ.

ಮೊದಲು ಒಂದು ಹಳೇ ನಂಬಿಕೆಯ ವಿಚಾರ. ಮೈ ಗಟ್ಟಿ ಇದ್ದವನಿಗೆ ತಲೆ ಓಡುವುದಿಲ್ಲ, ತಲೆ ಓಡುವವನಿಗೆ ಕಾಲು ಓಡುವುದಿಲ್ಲ ಅನ್ನುವ ಮಾತು ಬ್ಯಾರಕ್ಕಿನಲ್ಲೂ ಇದೆ, ಕಾಲೇಜಿನಲ್ಲೂ ಇದೆ. ಬ್ಯಾರಕ್ಕಿನಲ್ಲಿ ಪುಸ್ತಕ ತೆರೆದವನಿಗೆ ‘ಪ್ರೊಫೆಸರ್’ ಅಂತ ಅಡ್ಡಹೆಸರು ಬೀಳುತ್ತದೆ. ಕಾಲೇಜಿನಲ್ಲಿ ಮೈದಾನಕ್ಕೆ ಹೋಗುವವನನ್ನು ‘ಅವನು ಸ್ಪೋರ್ಟ್ಸ್ ಕೋಟಾ’ ಅಂತ ಪಕ್ಕಕ್ಕೆ ಸರಿಸುತ್ತಾರೆ. ಎರಡೂ ಸುಮ್ನೆ ಆಡುವ ಮಾತು. ಇದಕ್ಕೆ ಬಲವಾದ ಉತ್ತರ ಸಿಕ್ಕಿದ್ದು ಸೇನೆಯ ದಾಖಲೆಗಳಿಂದಲೇ.

ಸ್ವೀಡನ್‌ನಲ್ಲಿ ಬಹಳ ಕಾಲ ಗಂಡಸರಿಗೆ ಕಡ್ಡಾಯ ಸೇನಾ ಸೇವೆ ಇತ್ತು. 18ರ ಸುಮಾರಿಗೆ ಹುಡುಗರನ್ನು ಕರೆಸಿ ತಪಾಸಣೆ ಮಾಡುತ್ತಿದ್ದರು. ಸೈಕಲ್ ತುಳಿಸಿ ಹೃದಯ ಮತ್ತು ಶ್ವಾಸಕೋಶದ ತಾಕತ್ತು ನೋಡುತ್ತಿದ್ದರು. ಕೈಕಾಲಿನ ಬಲ ಅಳೆಯುತ್ತಿದ್ದರು. ಜೊತೆಗೆ ಬುದ್ಧಿಶಕ್ತಿಯ ಪರೀಕ್ಷೆಯೂ ಇರುತ್ತಿತ್ತು. 1950ರಿಂದ 1976ರ ನಡುವೆ ಹುಟ್ಟಿದ ಸುಮಾರು 12 ಲಕ್ಷ ಜನರ ಇಂಥ ದಾಖಲೆಗಳನ್ನು ಸಂಶೋಧಕರು ಒಟ್ಟಿಗೆ ಇಟ್ಟು ನೋಡಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಹೃದಯ-ಶ್ವಾಸಕೋಶದ ತಾಕತ್ತು ಜಾಸ್ತಿ ಇದ್ದವರು ಬುದ್ಧಿ ಪರೀಕ್ಷೆಯಲ್ಲೂ ಸರಾಸರಿ ಮುಂದಿದ್ದರು. ಮಾಂಸಖಂಡದ ಬಲಕ್ಕೂ ಬುದ್ಧಿ ಪರೀಕ್ಷೆಗೂ ಅಂಥ ನಂಟು ಕಾಣಲಿಲ್ಲ.

ಇಲ್ಲಿ ಆತುರಪಡಬಾರದು. ಓಡಿದರೆ ಬುದ್ಧಿ ಬೆಳೆಯುತ್ತದೆ ಅಂತ ಇಷ್ಟರಿಂದಲೇ ಹೇಳಲು ಆಗುವುದಿಲ್ಲ. ಒಳ್ಳೆಯ ಮನೆ, ಒಳ್ಳೆಯ ಊಟ ಎರಡನ್ನೂ ಬೆಳೆಸಿರಬಹುದಲ್ವಾ? ಅದಕ್ಕೇ ಅವರು ಅಣ್ಣತಮ್ಮಂದಿರ, ಅವಳಿಗಳ ದಾಖಲೆಯನ್ನೂ ಬೇರೆಯಾಗಿ ನೋಡಿದರು. ಆಗಲೂ ನಂಟು ಉಳಿಯಿತು, ಅದರಲ್ಲಿ ವಂಶದ ಪಾಲು ಕಡಿಮೆ ಅಂತಲೇ ಕಂಡಿತು. ನನಗೆ ಹಿಡಿಸಿದ್ದು ಇನ್ನೊಂದು ಅಂಶ. 15ರಿಂದ 18ರ ನಡುವೆ ಯಾರ ದೈಹಿಕ ಸಾಮರ್ಥ್ಯ ಸುಧಾರಿಸಿತ್ತೋ ಅವರು, ಕುಸಿದವರಿಗಿಂತ ಬುದ್ಧಿ ಪರೀಕ್ಷೆಯಲ್ಲಿ ಮೇಲಿದ್ದರು. 18ರಲ್ಲಿ ಚೆನ್ನಾಗಿ ಸೈಕಲ್ ತುಳಿದವರು ಮುಂದೆ ಹೆಚ್ಚು ಓದಿದ್ದೂ ಕಂಡುಬಂತು. ಕಾರಣ ಏನೇ ಇರಲಿ, ಓಟ ಓದನ್ನು ತಿನ್ನುತ್ತದೆ ಅನ್ನುವ ವಾದಕ್ಕೆ ಇಷ್ಟು ದೊಡ್ಡ ದಾಖಲೆಯಲ್ಲಿ ಜಾಗ ಸಿಗಲಿಲ್ಲ.

(ಬರೀ ಡಂಬೆಲ್ಸ್ ಎತ್ತಿ ಕನ್ನಡಿ ಮುಂದೆ ನಿಲ್ಲುವವರಿಗೆ ಇದು ಕಹಿ ಸುದ್ದಿ. ಆದರೆ ಬೆನ್ನ ಮೇಲೆ ಭಾರ ಹೊತ್ತು ನಡೆಯಲು ಬಲ ಬೇಕೇ ಬೇಕು. ಡಂಬೆಲ್ಸ್ ಮಾರಿಬಿಡಬೇಡಿ.)

ಸೇನಾ ಶಾಲೆಗಳೂ ಈ ಎರಡನ್ನು ಒಟ್ಟಿಗೆ ಕೂರಿಸಲು ಸಾಕಷ್ಟು ಒದ್ದಾಡಿವೆ. ಅಮೆರಿಕದ ವೆಸ್ಟ್ ಪಾಯಿಂಟ್ ಅಕಾಡೆಮಿ ಶುರುವಾದದ್ದು 1802ರಲ್ಲಿ. 1817ರಿಂದ 1833ರವರೆಗೆ ಅದರ ಮುಖ್ಯಸ್ಥರಾಗಿದ್ದ ಸಿಲ್ವೇನಸ್ ಥೇಯರ್ ಅದನ್ನು ಗಟ್ಟಿ ಎಂಜಿನಿಯರಿಂಗ್ ಶಾಲೆ ಮಾಡಿದರು. ಗಣಿತ, ದಿನಾ ಪಾಠ ಒಪ್ಪಿಸುವುದು, ದಿನಾ ಅಂಕ. ಅಂಗಸಾಧನೆ ಅಲ್ಲಿ ಭದ್ರವಾಗಿ ಬೇರೂರಿದ್ದು 1885ರಲ್ಲಿ ಹರ್ಮನ್ ಕೋಲರ್ ಶಿಕ್ಷಕರಾಗಿ ಬಂದ ಮೇಲೆ. ಮೊದಲ ಮಹಾಯುದ್ಧ ಮುಗಿಸಿ ಬಂದ ಡಗ್ಲಸ್ ಮೆಕಾರ್ಥರ್ 1919ರಲ್ಲಿ ಮುಖ್ಯಸ್ಥರಾದರು. ಎಲ್ಲ ಕೆಡೆಟ್‌ಗಳೂ ಆಟಕ್ಕೆ ಇಳಿಯಲೇಬೇಕು ಎಂಬ ನಿಯಮ ತಂದವರು ಅವರು. ಇವತ್ತು ಅಲ್ಲಿ ಕೆಡೆಟ್‌ನ ರ‍್ಯಾಂಕ್ ನಿರ್ಧಾರವಾಗುವುದು ಓದು, ಸೇನಾ ತರಬೇತಿ, ದೈಹಿಕ ಸಾಮರ್ಥ್ಯ ಮೂರನ್ನೂ ಸೇರಿಸಿ. ಅದರಲ್ಲಿ ಓದಿನ ಪಾಲೇ ದೊಡ್ಡದು.

ಬೇರೆ ಬೇರೆ ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಬ್ರಿಟನ್ನಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಗೆ ಬರುವವರಲ್ಲಿ ಹೆಚ್ಚಿನವರು ಡಿಗ್ರಿ ಮುಗಿಸಿಯೇ ಬರುತ್ತಾರೆ. ಅಲ್ಲಿಯದು 44 ವಾರಗಳ ಕೋರ್ಸು. ಭಾರತದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ, ಅಂದರೆ ಎನ್‌ಡಿಎಯಲ್ಲಿ, ಮೂರು ವರ್ಷ ಓದು ಮತ್ತು ತರಬೇತಿ ಒಟ್ಟಿಗೇ ನಡೆಯುತ್ತವೆ. ಡಿಗ್ರಿ ಕೊಡುವುದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಆಸ್ಟ್ರೇಲಿಯಾ 1986ರಲ್ಲಿ ಕ್ಯಾನ್‌ಬೆರಾದಲ್ಲಿ ತೆರೆದ ಅಕಾಡೆಮಿಯಲ್ಲಿ ಮೊದಲು ಮೂರು ವರ್ಷದ ಡಿಗ್ರಿಗೆ ಒತ್ತು. ಭೂಸೇನೆಗೆ ಹೋಗುವವರಿಗೆ ಪೂರ್ತಿ ಸೈನಿಕ ತರಬೇತಿ ಆಮೇಲೆ ಡಂಟ್ರೂನ್‌ನ ಸೇನಾ ಕಾಲೇಜಿನಲ್ಲಿ. ಜರ್ಮನಿ ಇನ್ನೂ ಮುಂದೆ ಹೋಯಿತು. ಹೆಲ್ಮುಟ್ ಶ್ಮಿಟ್ ರಕ್ಷಣಾ ಸಚಿವರಾಗಿದ್ದಾಗ ಹಾಕಿದ ಯೋಜನೆಯಂತೆ 1973ರಲ್ಲಿ ಹ್ಯಾಂಬರ್ಗ್ ಮತ್ತು ಮ್ಯೂನಿಕ್‌ನಲ್ಲಿ ಸೇನೆಯದೇ ವಿಶ್ವವಿದ್ಯಾಲಯಗಳು ಶುರುವಾದವು. ಅಲ್ಲಿ ವರ್ಷಕ್ಕೆ ಎರಡು ಸೆಮಿಸ್ಟರ್ ಬದಲು ಮೂರು ಟ್ರೈಮಿಸ್ಟರ್. ಓದುವ ವರ್ಷಗಳಲ್ಲಿ ಅಧಿಕಾರಿಯ ಮುಖ್ಯ ಕೆಲಸ ಓದುವುದೇ.

ನನಗೆ ಜರ್ಮನಿಯ ದಾರಿ ಜಾಸ್ತಿ ಹಿಡಿಸುತ್ತದೆ. ಒಂದೇ ದಿನದಲ್ಲಿ ಕ್ರಾಸ್ ಕಂಟ್ರಿ ಓಟವನ್ನೂ ಕ್ಯಾಲ್ಕುಲಸನ್ನೂ ತುರುಕಿದರೆ, ಮಧ್ಯಾಹ್ನದ ತರಗತಿಯಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುವ ಕಲೆ ಬರುತ್ತದೆ. ಎನ್‌ಡಿಎ ಮಾದರಿಯನ್ನು ಸಮರ್ಥಿಸುವವರು ಹೇಳುವುದೂ ಗೊತ್ತಿದೆ: ದಣಿದಾಗಲೂ ತಲೆ ಓಡಿಸುವುದನ್ನು ಕಲಿಸುವುದೇ ಅದರ ಉದ್ದೇಶ. ಒಪ್ಪುತ್ತೇನೆ. ಆದರೆ ಅದನ್ನು ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಕೆಲವು ವರ್ಷ ಮಾಡಬಹುದು. ಕೆಲಸ, ಸಂಸಾರ ಎಲ್ಲ ಇರುವ ಮೂವತ್ತರ ಮನುಷ್ಯ ಮಾಡಿದರೆ ಯಾವುದಾದರೊಂದು ಕಡೆ ಮುರಿಯುತ್ತದೆ.

ಈಗ ಅಂಕಿಗಳ ವಿಚಾರ. ಅಮೆರಿಕದಲ್ಲಿ ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕರಿದ್ದರು. 1980ರ ದಶಕದಲ್ಲಿ ಅವರು ಒಂದು ಸರಳ ಪ್ರಶ್ನೆ ಕೇಳಿಕೊಂಡರು. ಕಷ್ಟಪಟ್ಟು ಗಳಿಸಿದ ದಮ್ಮನ್ನು ಉಳಿಸಿಕೊಳ್ಳಲು ಎಷ್ಟು ವ್ಯಾಯಾಮ ಸಾಕು? ಜನರಿಂದ ವಾರಕ್ಕೆ 6 ದಿನ, ದಿನಕ್ಕೆ 40 ನಿಮಿಷ, 10 ವಾರ ಜೋರಾಗಿ ಸೈಕಲ್ ಮತ್ತು ಓಟ ಮಾಡಿಸಿದರು. ಆಮೇಲೆ ಒಂದು ಪ್ರಯೋಗದಲ್ಲಿ ದಿನ ಕಡಿಮೆ ಮಾಡಿದರು, ಕೆಲವರಿಗೆ ವಾರಕ್ಕೆ ಎರಡೇ ದಿನ. ಇನ್ನೊಂದರಲ್ಲಿ ಹೊತ್ತು ಕಡಿಮೆ ಮಾಡಿದರು, ಕೆಲವರಿಗೆ ದಿನಕ್ಕೆ 13 ನಿಮಿಷ. 15 ವಾರ ಕಳೆದರೂ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಹೆಚ್ಚುಕಡಿಮೆ ಹಾಗೇ ಇತ್ತು. 13 ನಿಮಿಷದವರಲ್ಲಿ ತುಂಬ ಹೊತ್ತು ತಾಳಿಕೊಳ್ಳುವ ಶಕ್ತಿ ಮಾತ್ರ ಸ್ವಲ್ಪ ಇಳಿದಿತ್ತು. ಮೂರನೇ ಪ್ರಯೋಗದಲ್ಲಿ ದಿನವನ್ನೂ ಹೊತ್ತನ್ನೂ ಹಾಗೇ ಬಿಟ್ಟು ಬಿರುಸನ್ನು ಇಳಿಸಿದರು. ಆಗ ಸಾಮರ್ಥ್ಯ ಜಾರತೊಡಗಿತು.

ಅರ್ಥ ಆಯಿತಲ್ಲ? ದಿನ ಕಡಿಮೆಯಾದರೂ ನಡೆಯುತ್ತದೆ, ನಿಮಿಷ ಕಡಿಮೆಯಾದರೂ ನಡೆಯುತ್ತದೆ. ಬಿರುಸು ಕಡಿಮೆಯಾಗಬಾರದು. ನಮ್ಮಲ್ಲಿ ಜನ ಇದರ ಉಲ್ಟಾ ಮಾಡುತ್ತಾರೆ. ಓದಿನ ಪರೀಕ್ಷೆ ಹತ್ತಿರ ಬಂತು ಅಂದರೆ ದಿನಾ ಒಂದು ಗಂಟೆ ಹರಟುತ್ತಾ ಜಾಗಿಂಗ್ ಮಾಡಿ, ‘ಪಿಟಿ ಬಿಟ್ಟಿಲ್ಲ ಸರ್’ ಅನ್ನುತ್ತಾರೆ. ಹೊತ್ತೂ ಹೋಯಿತು, ದಮ್ಮೂ ಹೋಯಿತು.

2021ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಸಮೀಕ್ಷೆ ಬಂತು. ಕರ್ತವ್ಯದ ಮೇಲೆ ಹೋದ ಸೈನಿಕರಂತೆ, ವ್ಯಾಯಾಮಕ್ಕೆ ಹೊತ್ತು ಸಿಗದವರ ಪ್ರಶ್ನೆಯೇ ಅದರ ಪ್ರಶ್ನೆ. ಓಟದ ಸಾಮರ್ಥ್ಯದ ಬಗ್ಗೆ ಅವರೂ ಹಿಕ್ಸನ್ ಹೇಳಿದ್ದನ್ನೇ ಹೇಳಿದರು. ಬಲದ ವಿಷಯದಲ್ಲಂತೂ ಇನ್ನೂ ಸಲೀಸು. ಎತ್ತುವ ಭಾರ ಇಳಿಸದಿದ್ದರೆ, ವಾರಕ್ಕೆ ಒಂದೇ ದಿನ, ಒಂದೊಂದು ವ್ಯಾಯಾಮ ಒಂದೊಂದೇ ಸೆಟ್ ಮಾಡಿದರೂ ಕಿರಿಯರಲ್ಲಿ 32 ವಾರದವರೆಗೆ ಬಲ ಉಳಿಯುತ್ತದೆ. ವಯಸ್ಸಾದವರಿಗೆ ಇದರ ದುಪ್ಪಟ್ಟು ಬೇಕಾಗಬಹುದು.

15 ವಾರ ಅಂದರೆ ಎಷ್ಟು? ಹೆಚ್ಚುಕಡಿಮೆ ಒಂದು ಸೆಮಿಸ್ಟರ್. ಅಂದರೆ ಒಂದು ಸೆಮಿಸ್ಟರ್ ಪೂರ್ತಿ ಓದಿಗೆ ಬಿಟ್ಟುಕೊಟ್ಟರೂ ಮೈ ಕೈಬಿಡುವುದಿಲ್ಲ. ಆ ದಿನಗಳಲ್ಲಿ ವಾರಕ್ಕೆ ಎರಡು ಓಟ ಸಾಕು. ಒಂದು ಚಿಕ್ಕದು, ತುಂಬ ಬಿರುಸಿನದು: ಜೋರಾಗಿ ಓಡಿ, ಉಸಿರು ತಿರುಗಿಸಿಕೊಂಡು, ಮತ್ತೆ ಜೋರಾಗಿ. ಇನ್ನೊಂದು ಸ್ವಲ್ಪ ಉದ್ದದ್ದು, ಆದರೆ ಹರಟೆ ಹೊಡೆಯಲಾಗದಷ್ಟು ವೇಗದ್ದು. ಮತ್ತೊಂದು ದಿನ ಪುಲ್ ಅಪ್, ಪುಷ್ ಅಪ್, ಭಾರ ಹೊತ್ತು ಕೂತೇಳುವುದು. ಅಷ್ಟೇ. ಉಳಿದ ದಿನ ಯೂನಿಟ್ಟಿನಲ್ಲಿ ಪಿಟಿ ಇದ್ದರೆ ಎಲ್ಲರ ಜೊತೆ ಮಾಡಿ, ನಿಮ್ಮದೇ ಹೆಚ್ಚುವರಿ ಸೇರಿಸಬೇಡಿ.

ಒಂದು ಎಚ್ಚರಿಕೆ ಇದೆ. ಭಾರತೀಯ ಸೇನೆಯ ಬಿಪಿಇಟಿ, ಅಂದರೆ ಯುದ್ಧಕ್ಕೆ ಬೇಕಾದ ದೈಹಿಕ ದಕ್ಷತೆಯ ಪರೀಕ್ಷೆಯನ್ನೇ ನೋಡಿ. ಭಾರ ಹೊತ್ತು 5 ಕಿಲೋಮೀಟರ್ ಓಡಬೇಕು. ಹಗ್ಗ ಹತ್ತಬೇಕು. 9 ಅಡಿ ಹಳ್ಳ ಹಾರಬೇಕು. ಇಲ್ಲಿ ದಮ್ಮಿನ ಜೊತೆ ಅಭ್ಯಾಸವೂ ಬೇಕು. ಆರು ತಿಂಗಳು ಹಗುರ ಶೂ ಹಾಕಿ ಓಡಿದವನ ಪಾದ ಬೂಟಿನಲ್ಲಿ ಬೊಬ್ಬೆ ಏಳುತ್ತದೆ. ಹಗ್ಗ ಮುಟ್ಟದ ಕೈಗೆ ಹಿಡಿತ ಮರೆತುಹೋಗಿರುತ್ತದೆ. ಓದಿನ ಕಾಲದಲ್ಲೂ ಆಗಾಗ ಬೂಟು ಹಾಕಿ, ಬೆನ್ನಿಗೆ ಭಾರ ಹಾಕಿ ಹೋಗಿ ಬನ್ನಿ.

ಇನ್ನು ಇದರ ಮತ್ತೊಂದು ಮಗ್ಗುಲು. ಫೀಲ್ಡ್ ಪೋಸ್ಟಿಂಗ್ ಬಂತು, ಮೈಗೇ ಎಲ್ಲ ಕೆಲಸ. ಆಗ ಓದನ್ನು ಕಾಯುವುದು ಹೇಗೆ?

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾರೆ. ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ಒಂದೆರಡು ದಿನಗಳಲ್ಲೇ ಸೋರಿಹೋಗುತ್ತದೆ. ಆಮೇಲೆ ಸೋರುವ ವೇಗ ತಗ್ಗುತ್ತದೆ. ಬಿಡುವು ಕೊಟ್ಟು ಕೊಟ್ಟು ಮತ್ತೆ ನೋಡಿದರೆ ನಿಲ್ಲುತ್ತದೆ. 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ರೋಡಿಗರ್ ಮತ್ತು ಕಾರ್ಪಿಕಿ, ಇನ್ನೊಂದು ವಿಷಯ ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು.

ಸೈನಿಕನಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ? ಫೀಲ್ಡಿನಲ್ಲಿ ಮೇಜು ಸಿಗದು, ದೀಪ ಸಿಗದು, ಎಷ್ಟೋ ಕಡೆ ಫೋನ್ ಬಳಸಲೂ ಮಿತಿ ಇರುತ್ತದೆ. ಆದರೆ ನೆನಪಿಸಿಕೊಳ್ಳಲು ಇದ್ಯಾವುದೂ ಬೇಡ. ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್ ಸಾಕು. ಒಂದು ಬದಿಯಲ್ಲಿ ಪ್ರಶ್ನೆ, ಹಿಂಬದಿಯಲ್ಲಿ ಉತ್ತರ. ಹೊರಡುವ ಮೊದಲು ಬರೆದಿಟ್ಟುಕೊಳ್ಳಿ. ಗಾಡಿಗೆ ಕಾಯುವಾಗ, ಊಟದ ಸಾಲಿನಲ್ಲಿ ನಿಂತಾಗ ನಾಲ್ಕು ಪ್ರಶ್ನೆ. ಹೊಸ ಅಧ್ಯಾಯ ಶುರು ಮಾಡುವ ಆಸೆ ಬೇಡ, ಅದು ಕಟ್ಟುವ ಕೆಲಸ. ಅದರಲ್ಲೂ ತುಂಬ ಎತ್ತರದ ಪ್ರದೇಶದಲ್ಲಿ ಇದ್ದರೆ ಇನ್ನೂ ಹುಷಾರು. ಅಲ್ಲಿ ಆಮ್ಲಜನಕ ಕಡಿಮೆ, ನಿದ್ದೆ ತುಂಡುತುಂಡು, ಹೊಸದನ್ನು ಕಲಿಯುವ ಶಕ್ತಿ ಕುಗ್ಗುತ್ತದೆ. ಅರ್ಥ ಆಗದಿದ್ದರೆ ನಿಮ್ಮನ್ನು ದಡ್ಡ ಅಂದುಕೊಳ್ಳಬೇಡಿ, ಕೆಳಗಿಳಿದ ಮೇಲೆ ನೋಡಿ.

ನಿದ್ದೆಯ ಮಾತು ಬಂತು. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ಮೈಗೂ ಓದಿಗೂ ಹೊತ್ತು ಸಾಲದಾಗ ಎಲ್ಲರೂ ಕೈ ಹಾಕುವುದು ಇದಕ್ಕೇ. ‘ಎಲ್ಲರೂ ಮಲಗಿದ ಮೇಲೆ ಎರಡು ಗಂಟೆ ಓದುತ್ತೇನೆ, ಬೆಳಗ್ಗೆ ಪಿಟಿಗೆ ಏಳುತ್ತೇನೆ’ ಅಂತ ಹೆಮ್ಮೆಯಿಂದ ಹೇಳುವ ಹುಡುಗರಿದ್ದಾರೆ. ಅವರನ್ನು ಹೊಗಳುವ ಹಿರಿಯರೂ ಇದ್ದಾರೆ. ಆ ಹೊಗಳಿಕೆ ನಿಲ್ಲಬೇಕು.

2003ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಆರೋಗ್ಯವಂತರನ್ನು ಎರಡು ವಾರ ಪ್ರಯೋಗಾಲಯದಲ್ಲೇ ಇರಿಸಿಕೊಂಡರು. ಕೆಲವರಿಗೆ ದಿನಕ್ಕೆ 8 ಗಂಟೆ ನಿದ್ದೆ, ಕೆಲವರಿಗೆ 6, ಕೆಲವರಿಗೆ 4. ದಿನಾ ಗಮನ ಮತ್ತು ನೆನಪಿನ ಪರೀಕ್ಷೆ. 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಸಾಮರ್ಥ್ಯ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಯಿತು. ಕೊನೆಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಭಯ ಹುಟ್ಟಿಸುವುದು ಮುಂದಿನ ಮಾತು. ತಾವು ಇಷ್ಟು ಮಂಕಾಗಿದ್ದೇವೆ ಅಂತ ಅವರಿಗೇ ಸರಿಯಾಗಿ ಗೊತ್ತಾಗಲಿಲ್ಲ. ‘ನನಗೆ ಆರು ಗಂಟೆ ಸಾಕು, ಅಭ್ಯಾಸ ಆಗಿದೆ’ ಅನ್ನುವವರ ಮಾತನ್ನು ನಾನು ನಂಬದಿರುವುದು ಅದಕ್ಕೇ.

ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಹಗಲು ದಂಡಿಸಿದ ಮೈ ದುರಸ್ತಿಯಾಗುವುದೂ ನಿದ್ದೆಯಲ್ಲೇ. ಹಾಗಿರುವಾಗ ಎರಡಕ್ಕೂ ಹೊತ್ತು ಹೊಂದಿಸಲು ನಿದ್ದೆ ಕತ್ತರಿಸಿದರೆ ಎರಡರ ಫಲವೂ ಕೈಗೆ ಬರುವುದಿಲ್ಲ. ಸೇನೆಗಳೂ ಇದನ್ನು ನಿಧಾನಕ್ಕೆ ಒಪ್ಪಿಕೊಳ್ಳುತ್ತಿವೆ. 2020ರಲ್ಲಿ ಅಮೆರಿಕದ ಸೇನೆ ತನ್ನ ದೈಹಿಕ ತರಬೇತಿ ಕೈಪಿಡಿಯನ್ನು ಹೊಸದಾಗಿ ಬರೆದಾಗ ವ್ಯಾಯಾಮ, ಆಹಾರ, ಮನಸ್ಸು, ಆತ್ಮಬಲದ ಸಾಲಿನಲ್ಲೇ ನಿದ್ದೆಯನ್ನೂ ಒಂದು ಪ್ರತ್ಯೇಕ ವಿಭಾಗ ಮಾಡಿತು. ಡ್ಯೂಟಿಯಿಂದ ನಿದ್ದೆ ಕೆಡುವುದನ್ನು ತಪ್ಪಿಸಲಾಗದು. ಆದರೆ ಗಾರ್ಡ್ ಡ್ಯೂಟಿ ಮುಗಿಸಿದ ದಿನ ಪುಸ್ತಕ ತೆರೆಯಬೇಡಿ. ಸಿಕ್ಕಷ್ಟು ಮಲಗಿ. ಅವತ್ತು ನಿಮ್ಮ ಪಾಲಿಗೆ ಅದೇ ಓದು.

ದೈಹಿಕ ಪರೀಕ್ಷೆಗೆ ಮೂರು ವಾರ ಇರುವಾಗ ಎಚ್ಚೆತ್ತು ದಿನಕ್ಕೆ ಎರಡು ಹೊತ್ತು ಓಡುವವರಿಗೆ ಒಂದೇ ಮಾತು. ಓಟದ ದೂರ ಏಕಾಏಕಿ ಏರಿದರೆ ಮೊಣಕಾಲ ಕೆಳಗಿನ ಮೂಳೆ ನೋಯಲು ಶುರುವಾಗುತ್ತದೆ, ಮುಂದುವರಿಸಿದರೆ ಸೀಳುತ್ತದೆ. ಹೊಸದಾಗಿ ಸೇರಿದವರ ತರಬೇತಿ ಕೇಂದ್ರಗಳಲ್ಲಿ ಹೆಚ್ಚಾಗಿ ಕಾಣುವ ಗಾಯ ಇದು. ಆಮೇಲೆ ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ, ಆಸ್ಪತ್ರೆಯ ಮಂಚದ ಮೇಲೆ.

ಈಗ ಡಿಗ್ರಿಯ ವಿಚಾರ. ಅಧಿಕಾರಿಗಳಿಗೆ ದಾರಿಗಳು ಸ್ಪಷ್ಟವಾಗಿವೆ. ಭಾರತದಲ್ಲಾದರೆ ಪ್ರವೇಶ ಪರೀಕ್ಷೆ ಗೆದ್ದು ವೆಲ್ಲಿಂಗ್ಟನ್‌ನ ರಕ್ಷಣಾ ಸೇವೆಗಳ ಸ್ಟಾಫ್ ಕಾಲೇಜಿಗೆ ಹೋದವರು ಮದ್ರಾಸ್ ವಿಶ್ವವಿದ್ಯಾಲಯದ ಎಂಎಸ್‌ಸಿಯನ್ನೂ ಪಡೆಯುತ್ತಾರೆ. ಆ ಪರೀಕ್ಷೆಯ ತಯಾರಿಯಲ್ಲಿ ಎಷ್ಟೋ ಮೇಜರ್‌ಗಳ ಸೊಂಟದ ಸುತ್ತಳತೆ ಏರುವುದು ಎಲ್ಲರೂ ನೋಡಿದ್ದೇ. ಹಿಕ್ಸನ್ ಪಾಠ ಅವರಿಗೇ ಮೊದಲು ಬೇಕು. ನನ್ನ ಕಾಳಜಿ ಜಾಸ್ತಿ ಇರುವುದು ಜವಾನರ, ಅಂದರೆ ಸಾಮಾನ್ಯ ಸೈನಿಕರ ಬಗ್ಗೆ. ಅವರಿಗೆ ದಾರಿ ತೋರಿಸುವವರು ಕಡಿಮೆ.

ಅಗ್ನಿವೀರರನ್ನೇ ತೆಗೆದುಕೊಳ್ಳಿ. ನಾಲ್ಕು ವರ್ಷದ ಸೇವೆ. ಮುಗಿದಾಗ ಹೆಚ್ಚೆಂದರೆ ಶೇ 25ರಷ್ಟು ಜನ ಕಾಯಂ ಆಗುತ್ತಾರೆ. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಹೊರಗೆ. ಇವರಿಗಾಗಿ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಮೂರು ವರ್ಷದ ಡಿಗ್ರಿ ರೂಪಿಸಿದೆ. ಅದಕ್ಕೆ ಬೇಕಾದ ಕ್ರೆಡಿಟ್‌ಗಳಲ್ಲಿ ಶೇ 50ರಷ್ಟು ಸೇನೆಯೊಳಗಿನ ತರಬೇತಿಯಿಂದಲೇ ಸಿಗುತ್ತದೆ. ಹತ್ತನೇ ತರಗತಿ ಮುಗಿಸಿ ಬಂದವರಿಗೆ ಮುಕ್ತ ಶಾಲೆಯ ಮೂಲಕ ಹನ್ನೆರಡನೇ ತರಗತಿ ಮುಗಿಸುವ ವ್ಯವಸ್ಥೆ ಇದೆ. ನಾಲ್ಕು ವರ್ಷವನ್ನು ಬರೀ ದೈಹಿಕ ಪರೀಕ್ಷೆಗಳ ಹಿಂದೆ ಕಳೆದು, ಕೊನೆಯ ವರ್ಷ ಡಿಗ್ರಿ ನೆನಪಾದರೆ ತಡವಾಯಿತು. ಮೊದಲ ವರ್ಷ ಮೈ ಕಟ್ಟುವ ವರ್ಷ, ಅದು ತಪ್ಪದು. ಎರಡನೇ ವರ್ಷದಿಂದ ಓದಿಗೆ ಜಾಗ ಮಾಡಿ.

ಯಾವ ಕೋರ್ಸು ಅಂತ ಆರಿಸುವಾಗ ನಿಮ್ಮ ಕೆಲಸವನ್ನೇ ನೋಡಿ. ಸಿಗ್ನಲ್ಸ್‌ನಲ್ಲಿ ಇರುವವರಿಗೆ ಎಲೆಕ್ಟ್ರಾನಿಕ್ಸ್ ಅರ್ಧ ಕೈಗೆ ಬಂದಿರುತ್ತದೆ. ಲೆಕ್ಕಪತ್ರ ನೋಡುವ ಕ್ಲರ್ಕ್‌ಗೆ ವಾಣಿಜ್ಯ ಹತ್ತಿರ. ಲ್ಯಾಬ್ ಹಾಜರಾತಿ ಕಡ್ಡಾಯ ಇರುವ ಕೋರ್ಸನ್ನು ಫೀಲ್ಡಿಗೆ ಹೋಗಲಿರುವ ವರ್ಷ ಸೇರಬೇಡಿ. ಫೀಸು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಪರೀಕ್ಷಾ ಕೇಂದ್ರ ಬದಲಿಸಲು ಬಿಡುತ್ತಾರಾ? ಒಂದು ಸಲ ಪರೀಕ್ಷೆ ತಪ್ಪಿದರೆ ಮುಂದಿನದರಲ್ಲಿ ಬರೆಯಬಹುದಾ? ಡಿಗ್ರಿ ಮುಗಿಸಲು ಗರಿಷ್ಠ ಎಷ್ಟು ವರ್ಷ ಕೊಡುತ್ತಾರೆ? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಆ ಕೋರ್ಸು ಸೈನಿಕನಿಗಲ್ಲ.

ಪರೀಕ್ಷೆಯ ದಿನಾಂಕ ಗೊತ್ತಾದ ದಿನವೇ ಮೇಲಿನವರಿಗೆ ಬರೆದು ತಿಳಿಸಿ. ಹಿಂದಿನ ವಾರ ಹೋಗಿ ‘ಸಾಹೇಬರೇ, ನಾಳಿದ್ದು ಪರೀಕ್ಷೆ’ ಅಂದರೆ ಯಾವ ಸುಬೇದಾರ್ ಸಾಹೇಬರಿಗೂ ಸಿಟ್ಟು ಬರುತ್ತದೆ, ಬರಬೇಕು ಕೂಡ. ನಿಮ್ಮ ಬದಲಿಗೆ ಇನ್ನೊಬ್ಬ ಆ ಡ್ಯೂಟಿ ಮಾಡಬೇಕಲ್ಲ. ನೀವೂ ಅವನ ಡ್ಯೂಟಿಯನ್ನು ಯಾವಾಗಲಾದರೂ ಮಾಡಿರಬೇಕು. ಬ್ಯಾರಕ್ಕಿನಲ್ಲಿ ಓದುವವನ ಮೇಲೆ ಅಸಮಾಧಾನ ಬರುವುದು ಅವನು ಓದುತ್ತಾನೆ ಅಂತ ಅಲ್ಲ, ಕೆಲಸ ತಪ್ಪಿಸಿ ಓದುತ್ತಾನೆ ಅಂತ.

ಇಲ್ಲಿ ಕಮಾಂಡಿಂಗ್ ಆಫೀಸರ್ ಮಟ್ಟದವರು ಯಾರಾದರೂ ಇದ್ದರೆ ಅವರಿಗೂ ಒಂದು ಮಾತು. ಫಿಟ್‌ನೆಸ್ ಫಲಿತಾಂಶದ ಪಟ್ಟಿ ಪ್ರತಿ ಯೂನಿಟ್ಟಿನ ಕಚೇರಿಯಲ್ಲೂ ಇರುತ್ತದೆ. ಯಾರು ಯಾವ ಕೋರ್ಸು ಓದುತ್ತಿದ್ದಾರೆ, ಪರೀಕ್ಷೆ ಯಾವಾಗ ಅನ್ನುವ ಪಟ್ಟಿ ಎಷ್ಟು ಕಡೆ ಇದೆ? ಅದೊಂದು ಹಾಳೆ ಇದ್ದರೆ ವರ್ಷದ ಡ್ಯೂಟಿ ಹಂಚುವಾಗ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಇದಕ್ಕೆ ಮೇಲಿನಿಂದ ಆದೇಶ ಬರಬೇಕಿಲ್ಲ, ದುಡ್ಡೂ ಬೇಕಿಲ್ಲ.

ನನ್ನ ಮಾತು ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇನೆ.

ಒಬ್ಬ ಕಾಲೇಜು ಹುಡುಗ ಕೇಳಿದ: ಸರ್, ಸೇನೆ ಸೇರಲು ಮೊದಲು ಓಟ ಅಭ್ಯಾಸ ಮಾಡಬೇಕಾ, ಓದಬೇಕಾ?

ಭಾರತೀಯ ಸೇನೆಯ ಅಗ್ನಿವೀರ ನೇಮಕಾತಿಯಲ್ಲಿ ಮೊದಲು ರ‍್ಯಾಲಿ ಇರುತ್ತಿತ್ತು, ಓಡಿ ಗೆದ್ದವರಿಗೆ ಮಾತ್ರ ಲಿಖಿತ ಪರೀಕ್ಷೆ. 2023ರಿಂದ ಅದು ತಿರುಗಿತು. ಈಗ ಮೊದಲು ಕಂಪ್ಯೂಟರ್‌ನಲ್ಲಿ ಬರೆಯುವ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ 1.6 ಕಿಲೋಮೀಟರ್ ಓಟ. ಹಾಗಂತ ಪರೀಕ್ಷೆ ಮುಗಿಯುವವರೆಗೆ ಕೂತುಬಿಡಬೇಡ. ದಮ್ಮು ಕಟ್ಟಲು ತಿಂಗಳುಗಳು ಬೇಕು. ಈಗಲೇ ಕಟ್ಟಿಕೋ. ಪರೀಕ್ಷೆಯ ಮೊದಲಿನ ಎರಡು ತಿಂಗಳು ವಾರಕ್ಕೆ ಎರಡು ಬಿರುಸಿನ ಓಟಕ್ಕೆ ಇಳಿಸಿ ಓದು. ಬರೆದು ಬಂದ ಮರುದಿನದಿಂದ ಮೈದಾನ.

ಸೇವೆಯಲ್ಲಿರುವ ಹವಾಲ್ದಾರ್ ಒಬ್ಬರು ಕೇಳಿದರು: ನನಗೆ ವಯಸ್ಸಾಯಿತು, ನಿವೃತ್ತಿ ಹತ್ತಿರ ಇದೆ. ಹೊರಗೆ ಬಂದ ಮೇಲೆ ಓದಿದರೆ ಆಗುವುದಿಲ್ಲವಾ?

ಖಂಡಿತ ಆಗುತ್ತದೆ. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರಲ್ಲಿ, ಅಮೆರಿಕ ಮರಳಿ ಬರುವ ಸೈನಿಕರ ಓದಿನ ಖರ್ಚು ಕೊಡುವ ಕಾನೂನು ಮಾಡಿತು. ‘ಜಿಐ ಬಿಲ್’ ಅಂತ ಅದರ ಹೆಸರು. 1947ರಲ್ಲಿ ಆ ದೇಶದ ಕಾಲೇಜುಗಳಿಗೆ ಸೇರಿದವರಲ್ಲಿ ಶೇ 49ರಷ್ಟು ಮಂದಿ ಮಾಜಿ ಸೈನಿಕರು. ಹೆಂಡತಿ ಮಕ್ಕಳಿದ್ದವರು, ಗಾಯಗೊಂಡವರು ಎಲ್ಲ ಇದ್ದರು. ಆದರೆ ನಿಮಗೆ ನಾನು ಹೇಳುವುದು, ಕೊನೆಯ ಪೋಸ್ಟಿಂಗ್‌ನಲ್ಲೇ ಹೆಸರು ನೋಂದಾಯಿಸಿ. ಹೊರಬಂದ ಮೊದಲ ವರ್ಷ ಮನೆ ಕೆಲಸ, ಮಕ್ಕಳ ಶಾಲೆ, ಹೊಸ ನೌಕರಿ ಅಂತ ಕಳೆದುಹೋಗುತ್ತದೆ. ಅಷ್ಟರಲ್ಲಿ ಪುಸ್ತಕ ಕೈಯಲ್ಲಿ ಇರುವವರು ಮುಂದುವರಿಸುತ್ತಾರೆ, ಇಲ್ಲದವರು ಶುರು ಮಾಡುವುದು ಕಷ್ಟ.

ಎನ್‌ಸಿಸಿ ಕೆಡೆಟ್ ಒಬ್ಬಳು ಕೇಳಿದ್ದು: ಬೆಳಗ್ಗೆ ಓಡಿ ಬಂದ ತಕ್ಷಣ ಓದಲು ಕೂತರೆ ನಿದ್ದೆ ಬರುತ್ತದೆ ಸರ್, ಏನು ಮಾಡಲಿ?

ಎಷ್ಟು ಓಡುತ್ತೀಯ, ರಾತ್ರಿ ಎಷ್ಟು ಮಲಗುತ್ತೀಯ ಅಂತ ಕೇಳಿದೆ. ಮಲಗುವುದು ಐದು ಗಂಟೆ ಅಂದಳು. ಹಿತಮಿತವಾಗಿ ಓಡಿದರೆ ಆಮೇಲೆ ಸ್ವಲ್ಪ ಹೊತ್ತು ತಲೆ ಚುರುಕಾಗಿಯೇ ಇರುತ್ತದೆ. ಸುಸ್ತಾಗಿ ಬೀಳುವಷ್ಟು ಓಡಿದರೆ ಇರುವುದಿಲ್ಲ. ಹಾಗಾಗಿ ಬಿರುಸಿನ ಓಟ ಸಂಜೆಗೆ ಇಟ್ಟುಕೋ, ಬೆಳಗ್ಗೆ ಹಗುರವಾಗಿ ಓಡು. ಆದರೆ ಅದಕ್ಕೂ ಮೊದಲು ಒಂದು ವಾರ ಎರಡು ಗಂಟೆ ಜಾಸ್ತಿ ಮಲಗಿ ನೋಡು, ಆಮೇಲೂ ನಿದ್ದೆ ಬಂದರೆ ಓಟದ ಬಗ್ಗೆ ಮಾತಾಡೋಣ ಅಂದೆ.